ಸೌಮ್ಯಶ್ರೀಯ ಶುಕ್ರವಾರ

ಸೌಮ್ಯಶ್ರೀಗೆ ನಮ್ಮ ಆಫೀಸಿನವರು ಮೆಮೊ ಕೊಟ್ಟರು. ಅವಳು ಮಾಡಿದ ತಪ್ಪೇನೆಂದರೆ ಮೆಟ್ಟಿಲ ಮೇಲೆ ಕೂತು ಅತ್ತದ್ದು. ಹನ್ನೊಂದು ವರ್ಷ ಊರವರ ಅಳುವನ್ನೆಲ್ಲ ಕೇಳಿಸಿಕೊಂಡವಳು ಒಂದು ಮಧ್ಯಾಹ್ನ ಹತ್ತು ನಿಮಿಷ ತಾನು ಅತ್ತಳು. ಅದಕ್ಕೊಂದು ಕಾಗದ, ಕಾಗದಕ್ಕೊಂದು ಸಹಿ, ಸಹಿಯ ಪಕ್ಕ ಒಂದು ಸೀಲು. ಅದನ್ನು ನೋಡಿದ ದಿನ ನನಗೆ ಬಂದ ಸಿಟ್ಟು ಇನ್ನೂ ಇಳಿದಿಲ್ಲ. ಇಳಿಯುವ ಮುಂಚೆ ಬರೆದುಬಿಡೋಣ ಅನ್ನಿಸಿತು. ನಾನು ಓದಿದ್ದು ನಾಲ್ಕನೇ ಕ್ಲಾಸು. ಸೌಮ್ಯಶ್ರೀಯನ್ನು ಕೇಳಿಯೇ ಬರೆಯುತ್ತಿದ್ದೇನೆ. "ನನ್ನದು ಎಷ್ಟು ಬೇಕಾದ್ರೂ ಬರೀರಿ ಅಜ್ಜಿ, ಬಂದೋರದ್ದು ಮಾತ್ರ ಬೇಡ" ಎಂದಿದ್ದಾಳೆ. ಅದನ್ನು ಅವಳು ಹೇಳಬೇಕಾಗಿರಲಿಲ್ಲ.

ನಾನು ಹೇರೋಹಳ್ಳಿಯ ಶಿವಗಂಗಮ್ಮ. ಬಸವೇಶ್ವರನಗರದಲ್ಲಿ ಒಂದು ಮನೆಯ ಮೊದಲನೇ ಮಹಡಿಯಲ್ಲಿ ನಮ್ಮ ಕೇಂದ್ರವಿದೆ. ಕೆಳಗೆ ಜೆರಾಕ್ಸ್ ಅಂಗಡಿ, ಮೇಲೆ ನಾವು. ಹೊಡೆತ ತಿಂದ ಹೆಂಗಸರು, ಮನೆಯಿಂದ ಓಡಿಬಂದ ಹುಡುಗಿಯರು, ಬಾಯಿ ಬಿಟ್ಟು ಹೇಳಲಾಗದ್ದನ್ನು ಅನುಭವಿಸಿದ ಮಕ್ಕಳು ಬರುತ್ತಾರೆ. ಕೆಲವರನ್ನು ಪೊಲೀಸ್ ಸ್ಟೇಷನ್ನಿನವರು ಕಳಿಸುತ್ತಾರೆ, ಕೆಲವರನ್ನು ಆಸ್ಪತ್ರೆಯವರು. ಬಾಗಿಲು ತೆಗೆಯುವುದು, ನೀರು ಕೊಡುವುದು, ಗುಡಿಸುವುದು, ಟೀ ಕಾಯಿಸುವುದು ಹದಿನಾಲ್ಕು ವರ್ಷದಿಂದ ನನ್ನ ಕೆಲಸ. ಸೌಮ್ಯಶ್ರೀ ಅಲ್ಲಿ ಕೌನ್ಸೆಲರ್.

ಕೌನ್ಸೆಲರ್ ಅಂದರೆ ಬುದ್ಧಿ ಹೇಳುವವರು ಎಂದು ನಾನು ಮೊದಲು ತಿಳಿದಿದ್ದೆ. ಬುದ್ಧಿ ಹೇಳುವುದಕ್ಕೆ ನಮ್ಮ ಬೀದಿಯಲ್ಲೇ ಸಾವಿರ ಜನರಿದ್ದಾರೆ, ಅದಕ್ಕೆ ಎಂಎಸ್‌ಡಬ್ಲ್ಯೂ ಓದಬೇಕೆ? ಇವರು ಕೇಳಿಸಿಕೊಳ್ಳುವವರು. ಅದು ಎಷ್ಟು ಕಷ್ಟದ ಕೆಲಸವೆಂದು ಸೌಮ್ಯಶ್ರೀಯನ್ನು ನೋಡಿ ತಿಳಿದುಕೊಂಡೆ. ಒಬ್ಬ ಹೆಂಗಸು ಮೂರು ಸಲ ಬಂದು ಒಂದು ಮಾತೂ ಆಡದೆ ಎದ್ದು ಹೋದಳು. ಮೂರು ಸಲವೂ ಇವಳು ಒಂದೊಂದು ಗಂಟೆ ಅವಳೆದುರು ಸುಮ್ಮನೆ ಕೂತಿದ್ದಳು. ಗಡಿಯಾರ ನೋಡಲಿಲ್ಲ, ಫೋನು ಮುಟ್ಟಲಿಲ್ಲ. ನಾಲ್ಕನೇ ಸಲ ಆ ಹೆಂಗಸು ಬಾಯಿ ತೆರೆದಳು. ಆಮೇಲೆ ನಿಲ್ಲಿಸಲಿಲ್ಲ.

ಸೌಮ್ಯಶ್ರೀಯ ಊರು ಹಾವೇರಿ ಕಡೆ. ಅಪ್ಪ ಚನ್ನವೀರಪ್ಪ ಕರೆಂಟ್ ಕಂಬ ಹತ್ತುವ ಲೈನ್‌ಮನ್ ಆಗಿದ್ದವರು. ಅವರಿಗೆ ಬೆಂಗಳೂರಿಗೆ ವರ್ಗವಾದಾಗ ಇವಳಿಗೆ ಒಂಬತ್ತು ವರ್ಷ. ವಿಜಯನಗರದಲ್ಲಿ ಬಾಡಿಗೆ ಮನೆ. ಶಾಲೆಯಲ್ಲಿ ಇವಳ ಮಾತು ಕೇಳಿ ಮಕ್ಕಳು ನಗುತ್ತಿದ್ದರಂತೆ. ಅದಕ್ಕೇ ಒಂದು ವರ್ಷ ಬಾಯಿ ಮುಚ್ಚಿಕೊಂಡು ಬೇರೆಯವರು ಮಾತಾಡುವುದನ್ನೇ ಕೇಳುತ್ತಾ ಕೂತಳಂತೆ. "ಟ್ರೇನಿಂಗ್ ಅಲ್ಲೇ ಶುರುವಾಗಿದ್ದು ಅಜ್ಜಿ" ಎಂದು ನಗುತ್ತಾಳೆ. ಈಗ ಆಫೀಸಿನಲ್ಲಿ ನಮ್ಮ ಹಾಗೆ ಮಾತಾಡುತ್ತಾಳೆ, ಅಪ್ಪನ ಫೋನು ಬಂದರೆ ಹಾವೇರಿಯವಳಾಗುತ್ತಾಳೆ. ನಾಗರಬಾವಿಯ ಯೂನಿವರ್ಸಿಟಿ ಕ್ಯಾಂಪಸ್ಸಿನಲ್ಲಿ ಎಂಎಸ್‌ಡಬ್ಲ್ಯೂ ಓದಿದಳು. ತಾಯಿ ತೀರಿಕೊಂಡ ಮೇಲೆ ಮನೆಯಲ್ಲಿ ಇಬ್ಬರೇ.

ಮದುವೆಗೆ ನೋಡಲು ಒಬ್ಬ ಬಂದಿದ್ದನಂತೆ. "ದಿನಾ ಇಂಥ ಗಲೀಜು ಕೇಳ್ತೀರಲ್ಲ, ಮನೆಗೆ ತಗೊಂಡು ಬರಲ್ವಾ?" ಅಂದನಂತೆ. ಇವಳು, "ನೀವು ಇನ್ಶೂರೆನ್ಸ್ ಕಂಪನೀಲಿ ಇದೀರಲ್ಲ, ದಿನಾ ಸತ್ತೋರ ಫೈಲ್ ನೋಡ್ತೀರಿ, ಹೆಣ ಮನೆಗೆ ತರ್ತೀರಾ?" ಅಂದಳಂತೆ. ಸಂಬಂಧ ಮುರಿಯಿತು. ಆ ಮಾತಿಗೆ ನಾವೆಲ್ಲ ನಕ್ಕೆವು. ಆದರೆ ಆ ಹುಡುಗ ಕೇಳಿದ್ದು ತಪ್ಪಲ್ಲ. ಮನೆಗೆ ಹೋಗದ ಹಾಗೆ ಅದನ್ನು ಇಳಿಸಿಬಿಡುವ ಜಾಗವೊಂದು ಆಗ ನಮ್ಮಲ್ಲಿತ್ತು, ಅದಕ್ಕೆ ಅವಳಿಗೆ ಹಾಗೆ ಉತ್ತರ ಕೊಡಲು ಬಂತು.

ಆ ಜಾಗ ಶುಕ್ರವಾರದ ಚಾಪೆ. ಪ್ರತಿ ಶುಕ್ರವಾರ ನಾಲ್ಕು ಗಂಟೆಗೆ ರಾಜಾಜಿನಗರದಿಂದ ಅನಂತಲಕ್ಷ್ಮಮ್ಮ ಬರುತ್ತಿದ್ದರು. ದೊಡ್ಡ ಆಸ್ಪತ್ರೆಯೊಂದರಲ್ಲಿ ಮೂವತ್ತು ವರ್ಷ ಇದೇ ಕೆಲಸ ಮಾಡಿ ನಿವೃತ್ತರಾದವರು. ನಾನು ಗ್ರಿಲ್ ಬಾಗಿಲು ಎಳೆದು ಚಾಪೆ ಹಾಸುತ್ತಿದ್ದೆ. ಫೋನುಗಳೆಲ್ಲ ಸ್ಟೀಲ್ ಡಬ್ಬಿಯೊಳಗೆ. ಸೌಮ್ಯಶ್ರೀ ಮತ್ತು ಇನ್ನೊಬ್ಬ ಕೌನ್ಸೆಲರ್ ಧನ್ಯಶ್ರೀ ಕೂರುತ್ತಿದ್ದರು. ನನ್ನನ್ನೂ ಅನಂತಲಕ್ಷ್ಮಮ್ಮ ಕೂರಿಸುತ್ತಿದ್ದರು. "ಬಾಗಿಲಲ್ಲಿ ಮೊದಲು ಕಾಣೋದು ಇವರಿಗೆ, ಇವರಿಗೂ ಬೇಕು" ಎನ್ನುತ್ತಿದ್ದರು. ಅಲ್ಲಿ ಯಾರ ಹೆಸರೂ ಹೇಳುವಂತಿಲ್ಲ, ಕೇಸಿನ ವಿವರವೂ ಬೇಡ. "ಅವಳಿಗೇನಾಯ್ತು ಅನ್ನೋದು ಫೈಲಲ್ಲಿದೆ ಕಣೇ. ಕೇಳ್ತಾ ಇದ್ದಾಗ ನಿಂಗೇನಾಯ್ತು, ಅದು ಹೇಳು" ಎನ್ನುವುದು ಅವರ ಮಾತು. ಒಬ್ಬಳು ಎದೆ ಬಿಗಿಯಿತು ಅನ್ನುತ್ತಿದ್ದಳು, ಇನ್ನೊಬ್ಬಳು ಬಸ್ಸಿನಲ್ಲಿ ಗಂಡಸರು ಪಕ್ಕ ಕೂತರೆ ಎದ್ದು ನಿಲ್ಲುತ್ತೀನಿ ಅನ್ನುತ್ತಿದ್ದಳು. ಯಾರೂ ಸಮಾಧಾನ ಹೇಳುವಂತಿರಲಿಲ್ಲ. "ಸಮಾಧಾನ ಮಾಡ್ಕೋ" ಎಂದು ಬಾಯಿ ತಪ್ಪಿ ಅಂದವರು ಎಲ್ಲರ ಟೀ ಲೋಟ ತೊಳೆಯಬೇಕು. ಧನ್ಯಶ್ರೀ ಮೊದಲ ಎರಡು ತಿಂಗಳು ಲೋಟ ತೊಳೆದದ್ದೇ ತೊಳೆದದ್ದು. ಏಳುವ ಮುಂಚೆ ಮನೆಗೆ ಹೋಗಿ ಏನು ಮಾಡುತ್ತೀರೆಂದು ಒಬ್ಬೊಬ್ಬರೂ ಹೇಳಬೇಕು. ಸೊಪ್ಪು ಬಿಡಿಸ್ತೀನಿ, ತಲೆಗೆ ಎಣ್ಣೆ ಹಚ್ಕೋತೀನಿ, ಅಂಥದ್ದು. ಒಂದು ಗಂಟೆಯ ಮಾತು. ಅಷ್ಟರಲ್ಲಿ ಮುಖಗಳು ಬೇರೆಯಾಗಿರುತ್ತಿದ್ದವು.

ಕಳೆದ ವರ್ಷ ಹೊಸ ಪ್ರಾಜೆಕ್ಟ್ ಆಫೀಸರ್ ಬಂದರು, ಸುಧೀಂದ್ರ ಎಂದು. ಕೆಟ್ಟವರಲ್ಲ, ಯಾರಿಗೂ ಏಕವಚನದಲ್ಲಿ ಮಾತಾಡಿದವರಲ್ಲ. ಆದರೆ ಅವರಿಗೆ ಎಲ್ಲವೂ ಕಂಪ್ಯೂಟರಿನ ಒಂದು ಹಾಳೆಯೊಳಗೆ ಕೂರಬೇಕು. ಎರಡನೇ ಶುಕ್ರವಾರವೇ ಚಾಪೆಯ ಹತ್ತಿರ ಬಂದು ನಿಂತರು.

"ಮೇಡಂ, ಇದನ್ನ ಯಾವ ಕಾಲಂನಲ್ಲಿ ಹಾಕ್ಲಿ?"

"ಯಾವುದನ್ನ?" ಎಂದರು ಅನಂತಲಕ್ಷ್ಮಮ್ಮ.

"ಈ ಒಂದು ಗಂಟೆ. ಎಷ್ಟು ಜನ ಬಂದ್ರು, ಎಷ್ಟು ಫಾಲೋಅಪ್, ಎಷ್ಟು ಕೇಸ್ ಕ್ಲೋಸ್, ಇಷ್ಟೇ ಕಾಲಂ ಇರೋದು. ಇದಕ್ಕೆ ಜಾಗ ಇಲ್ಲ."

"ಹಾಗಾದ್ರೆ ಒಂದು ಕಾಲಂ ಹೊಸದಾಗಿ ಎಳೀರಿ. ಸ್ಕೇಲ್ ಇಲ್ವಾ?"

ನಾವು ಬಾಯಿ ಮುಚ್ಚಿಕೊಂಡು ನಕ್ಕೆವು. ಸುಧೀಂದ್ರ ನಗಲಿಲ್ಲ. "ಕೌನ್ಸೆಲರ್‌ಗಳಿಗೇ ಕೌನ್ಸೆಲಿಂಗ್ ಬೇಕು ಅಂದ್ರೆ ಹೊರಗಡೆಯವರು ಏನಂದ್ಕೋತಾರೆ ಮೇಡಂ?" ಎಂದರು. ಒಂದು ತಿಂಗಳಲ್ಲಿ ಶುಕ್ರವಾರ ನಿಂತುಹೋಯಿತು. ಆ ಗಂಟೆಗೂ ಕೌನ್ಸೆಲರ್‌ಗಳ ಹೆಸರಿನಲ್ಲಿ ಕೇಸು ಬರೆದಿಟ್ಟರು. ಅದರ ಬದಲು ಒಂದು ದಿನ ಹಾಲ್ ತೆಗೆದುಕೊಂಡು ಕಾರ್ಯಾಗಾರವಾಯಿತು. ಬ್ಯಾನರ್ ಕಟ್ಟಿದರು, ಬಲೂನು ಊದಿಸಿದರು. ಯಾರೋ ಒಬ್ಬರು ಬಂದು ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಹಾ ಹಾ ಎಂದು ನಗಿಸಿದರು. ಆ ಬೆಳಗ್ಗೆ ಸೌಮ್ಯಶ್ರೀ ಸುಟ್ಟಗಾಯದ ಹೆಂಗಸಿನ ಪಕ್ಕ ಆಸ್ಪತ್ರೆಯಲ್ಲಿ ಕೂತು ಬಂದಿದ್ದಳು. ಅವಳೂ ಕೈ ಮೇಲೆತ್ತಿ ನಕ್ಕಳು, ಫೋಟೋ ತೆಗೆದರು. ಆ ಫೋಟೋ ಈಗಲೂ ಆಫೀಸಿನ ಗೋಡೆಯಲ್ಲಿದೆ. ಗುಡಿಸುವಾಗ ಅದು ಕಣ್ಣಿಗೆ ಬಿದ್ದರೆ ನನಗೆ ಮೈ ಉರಿಯುತ್ತದೆ.

ಆಮೇಲಿನ ಐದು ತಿಂಗಳು ನಾನು ನೋಡುತ್ತಲೇ ಇದ್ದೆ. ಮೊದಲು ಅವಳ ನಗು ಹೋಯಿತು. ಜೆರಾಕ್ಸ್ ಅಂಗಡಿಯವರೆಗೆ ಕೇಳಿಸುವಂಥ ನಗು ಅದು. ಆಮೇಲೆ ಊಟ ಹೋಯಿತು. ಬುತ್ತಿ ಬಿಚ್ಚದೆ ಹಾಗೇ ವಾಪಸು ಒಯ್ಯುತ್ತಿದ್ದಳು. ಬಾಗಿಲು ಜೋರಾಗಿ ಬಡಿದರೆ ಬೆಚ್ಚುತ್ತಿದ್ದಳು. ಒಂದು ದಿನ ಅವಳು ಬುತ್ತಿಯನ್ನೇ ಮನೆಯಲ್ಲಿ ಬಿಟ್ಟು ಬಂದಳು. ಚನ್ನವೀರಪ್ಪ ಅದನ್ನು ಹಿಡಿದುಕೊಂಡು ಬಂದರು. ಹಣೆಯಲ್ಲಿ ವಿಭೂತಿ, ಕೈಯಲ್ಲಿ ಬಟ್ಟೆ ಚೀಲ. ಮಗಳು ಒಳಗೆ ಯಾರೊಂದಿಗೋ ಕೂತಿದ್ದಳು. ನಾನು ಅವರನ್ನು ಬೆಂಚಿನ ಮೇಲೆ ಕೂರಿಸಿ ಟೀ ಕೊಟ್ಟೆ.

"ಅಕ್ಕಾರ, ಒಂದು ಮಾತು ಕೇಳ್ತೀನ್ರಿ, ಸಿಟ್ಟಾಗಬ್ಯಾಡ್ರಿ" ಎಂದರು. "ನನ್ನ ಮಗಳಿಗೆ ಇಲ್ಲಿ ಏನ್ ಮಾಡಾಕತ್ತೀರಿ?"

"ನಾವೇನ್ ಮಾಡಿದ್ವಿ ಸ್ವಾಮಿ?"

"ನಿದ್ದಿ ಮಾಡಂಗಿಲ್ಲ, ಉಣ್ಣಂಗಿಲ್ಲ. ಟೀವಿ ಹಚ್ಚಿದ್ರ ಬಂದ್ ಮಾಡು ಅಂತಾಳ. ನಾ ಮೂವತ್ತೆರಡು ವರ್ಷ ಕಂಬ ಏರೀನ್ರಿ. ಏರೂ ಮುಂದ ಲೈನ್ ಬಂದ್ ಮಾಡಸಬೇಕು, ಕೈಗೆ ಗ್ಲೌಸ್ ಹಾಕಬೇಕು, ಕೆಳಗ ಒಬ್ಬಾಂವ ನಿಂದರಬೇಕು. ಒಬ್ಬನ ಏರಿದ್ರ ಸಾಹೇಬ್ರು ಬೈತಿದ್ರು. ಇಕಿ ದಿನಾ ಏರತಾಳ. ಇಕಿ ಕೆಳಗ ಯಾರ್ ನಿಂತಾರ?"

ನಿಲ್ಲುತ್ತಿದ್ದ ಒಬ್ಬರನ್ನೂ ಕಾಲಂ ಇಲ್ಲವೆಂದು ಕಳಿಸಿದೆವು ಎಂದು ಹೇಳಲೆ? ಲೋಟ ತೆಗೆದುಕೊಂಡು ಒಳಗೆ ಹೋದೆ.

ಆ ದಿನಗಳಲ್ಲೇ ಒಂದು ಮಗು ಬರುತ್ತಿತ್ತು. ಹತ್ತು ವರ್ಷದ ಹುಡುಗಿ. ಅವಳಿಗೆ ಏನಾಗಿತ್ತು ಎಂದು ನಾನು ಬರೆಯುವುದಿಲ್ಲ, ಅದು ಅವಳದ್ದು. ಮನೆಗೆ ಕಳಿಸುವ ಹಾಗಿರಲಿಲ್ಲ, ಮಕ್ಕಳ ನಿಲಯವೊಂದರಲ್ಲಿ ಇದ್ದಳು. ಬುಧವಾರ ಬುಧವಾರ ಅಲ್ಲಿಯ ವಾರ್ಡನ್ ರಾಗಿಣಿ ಕರೆತರುತ್ತಿದ್ದರು. ನಾನು ಕೋಣೆಯೊಳಗೇ ಬಾಗಿಲ ಹತ್ತಿರ ಕೂರಬೇಕೆಂದು ಮಗುವೇ ಕೇಳಿತ್ತು. ಹೊರಗಿನಿಂದ ಯಾರೂ ಬರಬಾರದಲ್ಲ, ಅದಕ್ಕೆ ಕಾವಲು. ಹಾಗಾಗಿ ನಡೆದದ್ದನ್ನು ನಾನು ಕಣ್ಣಾರೆ ಕಂಡೆ.

ಸೌಮ್ಯಶ್ರೀ ಮಗುವಿನ ಮುಖ ನೋಡುತ್ತಾ ಏನನ್ನೂ ಕೇಳುತ್ತಿರಲಿಲ್ಲ. ನೆಲದ ಮೇಲೆ ಸೀಮೆಸುಣ್ಣದಲ್ಲಿ ಚೌಕಾಬಾರದ ಮನೆ ಬರೆದು ಇಬ್ಬರೂ ಆಡುತ್ತಿದ್ದರು. ಹುಣಸೆ ಬೀಜ ಹಾಕಿ ಕಾಯಿ ನಡೆಸುವಾಗ, ಎರಡು ಮನೆಗೊಂದು ಮಾತು, ಮೂರು ಮನೆಗೊಂದು ಮಾತು ಮಗುವಿನ ಬಾಯಿಂದ ಉದುರುತ್ತಿತ್ತು. ಹೀಗೆ ಆರು ಬುಧವಾರ ಕಳೆದವು. ಇನ್ನು ಮೂರು ವಾರದಲ್ಲಿ ಮಗು ಜಡ್ಜ್ ಮುಂದೆ ಹೇಳಿಕೆ ಕೊಡಬೇಕಿತ್ತು. ಏನು ಹೇಳಬೇಕೆಂದು ಯಾರೂ ಕಲಿಸಿಕೊಡುವ ಹಾಗಿಲ್ಲ. ಮಾತಾಡುವ ಧೈರ್ಯ ಅದಕ್ಕೇ ಬರಬೇಕು. ಬರುತ್ತಿತ್ತು.

ಏಳನೇ ಬುಧವಾರ ಮಗು ಕಾಯಿ ನಡೆಸುತ್ತಾ ಒಂದು ಮಾತು ಹೇಳಿತು. ಅದರ ಹಿಂದೆ ಇನ್ನೊಂದು. ನಾನು ಸೌಮ್ಯಶ್ರೀಯ ಕಡೆ ನೋಡಿದೆ. ಅವಳ ಕೈಯಲ್ಲಿ ಬೀಜಗಳು ಹಾಗೇ ಇದ್ದವು. ಕಣ್ಣಿಂದ ನೀರು ಟಪ್ಪೆಂದು ಚೌಕಾಬಾರದ ಮನೆಯ ಮೇಲೆ ಬಿತ್ತು. ಮಗು ತಲೆ ಎತ್ತಿತು. ಒಂದು ಗಳಿಗೆ ಅವಳ ಮುಖ ನೋಡಿತು. ಆಮೇಲೆ ತನ್ನ ಲಂಗದ ತುದಿಯಿಂದ ನೆಲ ಒರೆಸಿ ಬೀಜಗಳನ್ನೆಲ್ಲ ಡಬ್ಬಿಗೆ ತುಂಬಿತು.

"ಬಿಡಿ ಅಕ್ಕಾ. ನಾನಿನ್ನು ಹೇಳಲ್ಲ. ನೀವು ಅಳ್ತೀರ."

ಅಷ್ಟೇ. ಸೌಮ್ಯಶ್ರೀ ಏನೇನೋ ಹೇಳಿದಳು, ಮಗು ಬಾಯಿ ಬಿಡಲಿಲ್ಲ. ತನಗೆ ಆದದ್ದು ಸಾಲದೆಂದು ಕೇಳುವವಳನ್ನೂ ತಾನೇ ಕಾಪಾಡಬೇಕು ಎಂದುಕೊಂಡಿತು, ಪಾಪ. ಮನೆಯಲ್ಲೂ ಅದು ಅಮ್ಮನಿಗೆ ಬೇಜಾರಾಗುತ್ತದೆ ಎಂದೇ ಇಷ್ಟು ದಿನ ಹೇಳದೆ ಇದ್ದದ್ದು.

ಮಗು ಹೋದ ಮೇಲೆ ಸೌಮ್ಯಶ್ರೀ ಹಿಂದಿನ ಮೆಟ್ಟಿಲ ಮೇಲೆ ಹೋಗಿ ಕೂತಳು. ನಾನೂ ಹೋಗಿ ಪಕ್ಕದಲ್ಲಿ ಕೂತೆ.

"ಅಜ್ಜಿ, ಆರು ವಾರದಲ್ಲಿ ಕಟ್ಟಿದ್ದು ಒಂದು ಹನೀಲಿ ಕೆಡಿಸ್ಬಿಟ್ಟೆ" ಎಂದು ಮುಖ ಮುಚ್ಚಿಕೊಂಡಳು.

"ಅಳವ್ವ, ಅತ್ತುಬಿಡು" ಎಂದೆ.

ಅಷ್ಟರಲ್ಲಿ ಮೇಲಿನಿಂದ ಸುಧೀಂದ್ರ ಫೋನು ಹಿಡಿದುಕೊಂಡು ಇಳಿದು ಬಂದರು. ನಮ್ಮನ್ನು ನೋಡಿ ನಿಂತರು, ಹಾಗೇ ವಾಪಸು ಹತ್ತಿ ಹೋದರು. ಮಾರನೇ ದಿನ ಮೆಮೊ ಬಂತು. ಕೇಸಿನ ಗೋಪ್ಯ ವಿಷಯವನ್ನು ಸಂಬಂಧಪಡದ ಸಿಬ್ಬಂದಿಯೊಂದಿಗೆ ಸಾರ್ವಜನಿಕ ಸ್ಥಳದಲ್ಲಿ ಚರ್ಚಿಸಿದ್ದೀರಿ, ವಿವರಣೆ ಕೊಡಿ ಎಂದು. ಸಂಬಂಧಪಡದ ಸಿಬ್ಬಂದಿ ಎಂದರೆ ನಾನು.

ಜೊತೆಗೆ, ಆ ಮಗುವಿನ ಫೈಲನ್ನು ಧನ್ಯಶ್ರೀಗೆ ವರ್ಗಾಯಿಸುತ್ತೇವೆ ಎಂದು ಇನ್ನೊಂದು ಸಾಲು. ಅದನ್ನು ಓದಿದಾಗ ಸೌಮ್ಯಶ್ರೀಯ ಮುಖದಲ್ಲಿ ರಕ್ತವಿರಲಿಲ್ಲ. ಫೈಲು ಕೈ ಬದಲಾದರೆ ಮಗು ಹೊಸಬಳ ಮುಂದೆ ಮತ್ತೆ ಮೊದಲಿಂದ ಹೇಳಬೇಕು. ಪೊಲೀಸರ ಮುಂದೆ ಒಂದು ಸಲ, ಡಾಕ್ಟರ ಮುಂದೆ ಒಂದು ಸಲ, ಇವಳ ಮುಂದೆ ಆರು ವಾರ. ಈಗ ನಾಲ್ಕನೆಯವರ ಮುಂದೆ. ಹೇಳುವುದೇ ಇಲ್ಲ, ಬಾಯಿ ಮುಚ್ಚಿಬಿಡುತ್ತದೆ.

ನಾನು ಸುಧೀಂದ್ರರ ಟೇಬಲಿಗೆ ಹೋಗಿ ನಿಂತೆ. ಹದಿನಾಲ್ಕು ವರ್ಷದಲ್ಲಿ ಟೀ ಲೋಟವಿಲ್ಲದೆ ಅಲ್ಲಿಗೆ ಹೋದದ್ದು ಅದೇ ಮೊದಲು.

"ಸಾರ್, ಆ ಕೋಣೇಲಿ ನಾನೇ ಕೂತಿದ್ದೆ. ಮಗು ಹೇಳಿದ್ದು ನನ್ನ ಕಿವಿಗೂ ಬಿದ್ದಿದೆ. ಅವಳು ಮೆಟ್ಟಿಲ ಮೇಲೆ ನಂಗೆ ಹೊಸದಾಗಿ ಏನ್ ಹೇಳ್ತಾಳೆ?"

"ಅದು ಬೇರೆ ಅಮ್ಮ, ಇದು ಬೇರೆ. ರೂಲ್ಸ್ ಇರುತ್ತೆ."

"ಕೇಳಿದ್ದನ್ನ ಹೊರಗೆ ಹೇಳಬಾರದು ಅನ್ನೋದು ರೂಲು, ಒಪ್ಕೋತೀನಿ. ಕೇಳಿದೋಳು ಅಳಬಾರದು ಅನ್ನೋದು ಯಾವ ರೂಲು ಸಾರ್? ಎಲ್ಲಿ ಬರೆದಿದೆ ತೋರಿಸಿ, ಓದೋಕೆ ಬರುತ್ತೆ ನಂಗೆ."

ಅವರು ಕನ್ನಡಕ ತೆಗೆದು ಒರೆಸಿಕೊಂಡರು. ಧನ್ಯಶ್ರೀ ಹಿಂದೆ ಬಂದು ನಿಂತಿದ್ದಳು. ಇಪ್ಪತ್ತಾರು ವರ್ಷದ ಹುಡುಗಿ, ಅವರೆದುರು ಯಾವತ್ತೂ ಗಟ್ಟಿಯಾಗಿ ಮಾತಾಡಿದವಳಲ್ಲ.

"ಸಾರ್, ಆ ಫೈಲ್ ನಾನು ತಗೊಳಲ್ಲ" ಎಂದಳು. "ಬೇಕಿದ್ರೆ ನಂಗೂ ಮೆಮೊ ಕೊಡಿ."

ಕೊನೆಗೆ ಸುಧೀಂದ್ರ ಅಂದರು: "ಬರೋ ಬುಧವಾರ ಒಂದು ಸೆಷನ್ ಕೊಡ್ತೀನಿ. ಮಗು ಮಾತಾಡಿದ್ರೆ ಸರಿ. ಇಲ್ಲಾಂದ್ರೆ ಫೈಲ್ ಬದಲಾಗುತ್ತೆ, ನಾನೇನೂ ಮಾಡೋಕಾಗಲ್ಲ."

ಒಂದೇ ಒಂದು ಬುಧವಾರ. ಸೌಮ್ಯಶ್ರೀ ಅದೇ ಖಾಲಿ ಹೊಟ್ಟೆಯಲ್ಲಿ, ಅದೇ ನಿದ್ದೆಗೆಟ್ಟ ಕಣ್ಣಲ್ಲಿ ಮಗುವಿನೆದುರು ಕೂತರೆ ಮತ್ತೆ ಅದೇ ಆಗುತ್ತಿತ್ತು. ಭಾನುವಾರ ಬೆಳಗ್ಗೆ ನಾನು ವಿಜಯನಗರಕ್ಕೆ ಹೋಗಿ ಅವಳನ್ನು ಎಬ್ಬಿಸಿದೆ.

"ನಡಿಯವ್ವ, ರಾಜಾಜಿನಗರಕ್ಕೆ."

"ಮೆಮೊ ಇದೆ ಅಜ್ಜಿ. ಹೊರಗಿನವರ ಹತ್ರ ಮಾತಾಡಿದ್ರೆ ಕೆಲಸಾನೇ ಹೋಗುತ್ತೆ."

ಚನ್ನವೀರಪ್ಪ ಅಡುಗೆಮನೆಯಿಂದಲೇ ಕೂಗಿದರು. "ಹೋಗವ್ವಾ! ಕೆಲಸ ಹೋದ್ರ ನನ್ನ ಪೆನ್ಶನ್ನ್ಯಾಗ ಇಬ್ರೂ ರೊಟ್ಟಿ ತಿನ್ನೋಣು. ನೀ ಹೋದ್ರ ಎಲ್ಲಿಂದ ತರ್ಲಿ?"

ಅನಂತಲಕ್ಷ್ಮಮ್ಮ ಬಾಗಿಲು ತೆಗೆದವರೇ ಇವಳ ಮುಖ ನೋಡಿ, "ಎಷ್ಟು ದಿನದಿಂದ?" ಎಂದರು. "ಐದು ತಿಂಗಳು ಮೇಡಂ" ಎಂದಳು. ಅವರು ಚಾಪೆ ಹಾಸಿದರು. ಅವಳು ಮಾತಾಡಿದ್ದು ಒಂದು ಗಂಟೆಯಲ್ಲ, ಮೂರು ಗಂಟೆ. ಸುಟ್ಟಗಾಯದ ವಾಸನೆ ಮೂಗಿನಿಂದ ಹೋಗುತ್ತಿಲ್ಲ ಎಂದಳು. ಯಾವ ಮಗುವನ್ನು ನೋಡಿದರೂ ಇದಕ್ಕೂ ಏನಾಗಿದೆಯೋ ಅನ್ನಿಸುತ್ತದೆ ಎಂದಳು. ಅಪ್ಪ ತಲೆ ಸವರಲು ಬಂದರೆ ಒಂದು ದಿನ ಕೈ ತಳ್ಳಿದ್ದಳಂತೆ. ಒಂದು ಹೆಸರು ಹೇಳಲಿಲ್ಲ, ಯಾರ ಊರೂ ಹೇಳಲಿಲ್ಲ. ಗೋಪ್ಯ ಗೋಪ್ಯ ಎಂದು ಮೆಮೊ ಬರೆದವರು ಅಲ್ಲಿದ್ದು ಕೇಳಬೇಕಿತ್ತು.

ಅನಂತಲಕ್ಷ್ಮಮ್ಮ ಕೊನೆಯಲ್ಲಿ ಕೇಳಿದರು: "ಈಗ ಮಗುಗೆ ಏನ್ ಹೇಳ್ತೀಯ?"

"ಇನ್ಮೇಲೆ ಅಳಲ್ಲ ಅಂತ."

"ಸುಳ್ಳು ಹೇಳಬೇಡ ಕಣೇ. ಮಕ್ಕಳಿಗೆ ಗೊತ್ತಾಗುತ್ತೆ. ನಿನ್ನ ಅಳು ಯಾರ ಜವಾಬ್ದಾರಿ ಅಂತ ಹೇಳು. ಅದರದ್ದಲ್ಲ ಅಂತ ತಿಳಿದ್ರೆ ಸಾಕು."

ಬುಧವಾರ ಬಂತು. ಮಗು ಬಂದು ಗೋಡೆಗೊರಗಿ ಕೂತಿತು. ಸೌಮ್ಯಶ್ರೀ ನೆಲದ ಮೇಲೆ ಮನೆ ಬರೆದಳು. ಮಗು ಬೀಜ ಮುಟ್ಟಲಿಲ್ಲ. ಹೊರಗೆ ಸುಧೀಂದ್ರರ ಕುರ್ಚಿ ಕಿರ್ ಅನ್ನುವುದು ಕೇಳುತ್ತಿತ್ತು.

"ಹೋದ ಸಲ ನಾನು ಅತ್ತೆ" ಎಂದಳು ಸೌಮ್ಯಶ್ರೀ.

ಮಗು ಸೀಮೆಸುಣ್ಣದ ಗೆರೆ ನೋಡಿತು.

"ನೀನು ಹೇಳಿದ್ದು ಕೇಳಿ ಬೇಜಾರಾಯ್ತು, ನಿಜ. ಆದ್ರೆ ಅದಕ್ಕೂ ಮುಂಚೇನೇ ನನ್ನೊಳಗೆ ತುಂಬಾ ಜನರ ಮಾತು ತುಂಬ್ಕೊಂಡಿತ್ತು. ಖಾಲಿ ಮಾಡ್ಕೊಳ್ದೆ ನಿನ್ನ ಹತ್ರ ಬಂದೆ. ಅದು ನನ್ನ ತಪ್ಪು, ನಿಂದಲ್ಲ."

"ಮತ್ತೆ ಅಳ್ತೀರಾ?"

"ಬಂದ್ರೂ ಬರಬಹುದು. ಬಂದ್ರೆ ಒರೆಸ್ಕೋತೀನಿ. ನೀನು ಒರೆಸಬೇಕಾಗಿಲ್ಲ. ನನ್ನನ್ನ ನೋಡ್ಕೊಳ್ಳೋಕೆ ನಂಗೂ ದೊಡ್ಡೋರೊಬ್ರು ಇದಾರೆ."

"ಯಾರು? ಈ ಅಜ್ಜೀನಾ?" ಎಂದು ಮಗು ನನ್ನ ಕಡೆ ನೋಡಿತು. ಅಷ್ಟೇನೂ ನಂಬಿಕೆ ಇದ್ದ ಹಾಗೆ ಕಾಣಲಿಲ್ಲ.

"ಬೇರೆ ಅಜ್ಜಿ. ರಾಜಾಜಿನಗರದಲ್ಲಿ."

"ಯಾವಾಗ ಹೋಗ್ತೀರಾ ಅವರ ಹತ್ರ?"

"ಶುಕ್ರವಾರ. ನಾಲ್ಕು ಗಂಟೆಗೆ."

"ಎಲ್ಲಾ ಶುಕ್ರವಾರಾನಾ?"

ಸೌಮ್ಯಶ್ರೀ ಒಂದು ಗಳಿಗೆ ತಡೆದಳು. ಯಾಕೆ ತಡೆದಳೆಂದು ನನಗೆ ಗೊತ್ತಿತ್ತು. ಶುಕ್ರವಾರ ನಾಲ್ಕು ಗಂಟೆಯಿಂದ ಅವಳ ಹೆಸರಿನಲ್ಲಿ ಎರಡು ಕೇಸು ಬರೆದಿಟ್ಟಿದ್ದರು. ಮಗು ಕಣ್ಣು ಮಿಟುಕಿಸದೆ ನೋಡುತ್ತಿತ್ತು.

"ಹೂಂ. ಎಲ್ಲಾ ಶುಕ್ರವಾರ."

"ನಾನು ಫೋನ್ ಮಾಡಿ ಕೇಳ್ತೀನಿ. ಹೋಗಿಲ್ಲಾಂದ್ರೆ ನಾನು ಹೇಳಲ್ಲ."

"ಮಾಡು."

ಮಗು ಮುಂದಕ್ಕೆ ಸರಿದು ಬೀಜ ತೆಗೆದುಕೊಂಡಿತು. ಅವತ್ತು ಅದು ಹೇಳಿದ್ದು ಒಂದೇ ಮಾತು, ಆದರೆ ಹೇಳಿತು. ಸೌಮ್ಯಶ್ರೀಯ ಕಣ್ಣು ತುಂಬಿತು. ಸೆರಗಿನಿಂದ ಒರೆಸಿಕೊಂಡು, "ನಿಂದೇ ಆಟ" ಎಂದಳು. ಮಗು ಕಾಯಿ ನಡೆಸಿತು.

ಶುಕ್ರವಾರ ಮೂರೂಮುಕ್ಕಾಲಿಗೆ ಸೌಮ್ಯಶ್ರೀ ಬ್ಯಾಗು ಹೆಗಲಿಗೆ ಹಾಕಿ ಎದ್ದಳು. ನಾಲ್ಕು ಗಂಟೆಯ ಮೇಲೆ ಬರಬೇಕಿದ್ದ ಇಬ್ಬರಿಗೂ ಹಿಂದಿನ ದಿನವೇ ಫೋನು ಮಾಡಿ ಅವರನ್ನೇ ಕೇಳಿ ಸೋಮವಾರಕ್ಕೆ ಬದಲಾಯಿಸಿದ್ದಳು. ಸುಧೀಂದ್ರ ಬಾಗಿಲಿಗೆ ಬಂದರು.

"ಎಲ್ಲಿಗೆ ಮೇಡಂ? ಮೆಮೊಗೆ ಇನ್ನೂ ಉತ್ತರ ಬಂದಿಲ್ಲ. ಈಗ ಆಫೀಸ್ ಟೈಮ್‌ನಲ್ಲಿ ಹೊರಟ್ರೆ ನಾನು ಮೇಲಿನವರಿಗೆ ಬರೀಬೇಕಾಗುತ್ತೆ."

"ಬರೀರಿ ಸಾರ್."

ಆಗ ಟೇಬಲಿನ ಫೋನು ಬಡಿದುಕೊಂಡಿತು. ನಾನು ಎತ್ತಿದೆ. ಆ ಕಡೆ ವಾರ್ಡನ್ ರಾಗಿಣಿ. "ಶಿವಗಂಗಮ್ಮ, ಮಗು ಮಧ್ಯಾಹ್ನದಿಂದ ಪ್ರಾಣ ತಿಂತಾ ಇದೆ. ಸೌಮ್ಯಕ್ಕ ಆ ಅಜ್ಜಿ ಹತ್ರ ಹೊರಟ್ರಾ ಅಂತ ಕೇಳಬೇಕಂತೆ. ಕೊಡ್ಲಾ?"

"ಒಂದು ನಿಮಿಷ" ಎಂದೆ. ಸುಧೀಂದ್ರರ ಕೈಗೆ ಫೋನು ಹಿಡಿಸಿದೆ. "ಸಾರ್, ಬುಧವಾರದ ಮಗು. ಸೌಮ್ಯಶ್ರೀ ಹೊರಟ್ಳಾ ಅಂತ ಕೇಳುತ್ತೆ. ಹೋಗಿಲ್ಲಾಂದ್ರೆ ಇನ್ನು ಬಾಯಿ ಬಿಡಲ್ಲವಂತೆ. ನೀವೇ ಹೇಳಿ."

ಅವರು ಫೋನನ್ನು ಬಿಸಿ ಪಾತ್ರೆಯ ಹಾಗೆ ಹಿಡಿದರು. ಒಳಗಿನಿಂದ ಒಂದು ಸಣ್ಣ ದನಿ ಕೇಳಿಸಿತು. ಏನು ಅಂದಿತೋ ನನಗೆ ತಿಳಿಯಲಿಲ್ಲ. ಅವರು ಸೌಮ್ಯಶ್ರೀಯ ಕಡೆ ನೋಡಿದರು, ಗೋಡೆ ಕಡೆ ನೋಡಿದರು.

"ಹೊರಟಿದ್ದಾರೆ ಪುಟ್ಟಾ" ಎಂದರು. ಆಮೇಲೆ, "ಹೂಂ, ಬಸ್ಸಿಗೆ ಹೋಗ್ತಾರೆ" ಎಂದರು. ಮಗು ಅದನ್ನೂ ಕೇಳಿರಬೇಕು.

ಸೌಮ್ಯಶ್ರೀ ಮೆಟ್ಟಿಲಿಳಿದಳು. ಧನ್ಯಶ್ರೀಯೂ ಬ್ಯಾಗು ತೆಗೆದುಕೊಂಡು ಹಿಂದೆಯೇ ಹೊರಟಳು.

ಮಗು ಜಡ್ಜ್ ಮುಂದೆ ಮಾತಾಡಿತು. ಹೋಗುವಾಗ ಸೌಮ್ಯಶ್ರೀ ಜೊತೆಗಿದ್ದಳು. ಒಳಗೆ ಏನಾಯಿತೆಂದು ಅವಳು ನನಗೆ ಹೇಳಿಲ್ಲ, ನಾನು ಕೇಳಿಲ್ಲ. ಹೊರಗೆ ಬಂದ ಮೇಲೆ ಮಗು ಎಳನೀರು ಬೇಕೆಂದಿತಂತೆ, ಅದನ್ನು ಹೇಳಿದಳು.

ಇದನ್ನು ಗೆಲುವು ಎಂದು ಯಾರಾದರೂ ಅಂದುಕೊಂಡರೆ ನನಗೆ ಮತ್ತೆ ಸಿಟ್ಟು ಬರುತ್ತದೆ. ಮೆಮೊ ವಾಪಸು ತೆಗೆದುಕೊಂಡಿಲ್ಲ. ಶುಕ್ರವಾರಕ್ಕೆ ಆ ಹಾಳೆಯಲ್ಲಿ ಇವತ್ತಿಗೂ ಕಾಲಂ ಇಲ್ಲ. ಇಬ್ಬರೂ ಹೋಗುತ್ತಾರೆ, ಆದರೆ ಹಾಜರಿ ಪುಸ್ತಕದಲ್ಲಿ ಅರ್ಧ ದಿನ ರಜೆ ಎಂದು ಬರೆದುಕೊಂಡು ಹೋಗಬೇಕು. ಜ್ವರ ಬಂದರೆ, ಅಪ್ಪನನ್ನು ಆಸ್ಪತ್ರೆಗೆ ತೋರಿಸಬೇಕಾದರೆ ಇರುವ ರಜೆ ಅದೇ. ಊರವರ ನೋವನ್ನು ಹೊರುವುದು ಆಫೀಸಿನ ಕೆಲಸ, ಅದನ್ನು ಇಳಿಸುವುದು ಮಾತ್ರ ಅವಳ ಸ್ವಂತ ಕೆಲಸವಂತೆ. ಹತ್ತು ವರ್ಷದ ಮಗು ಫೋನು ಮಾಡಿ ವಿಚಾರಿಸಿತು. ಅದಕ್ಕಿಂತ ದೊಡ್ಡವರು, ಓದಿದವರು, ಇಷ್ಟು ಜನ ಇದ್ದಾರೆ. ಆಫೀಸಿನ ಮೇಲಿನವರಲ್ಲಿ ಒಬ್ಬರೂ ಈ ಹನ್ನೊಂದು ವರ್ಷದಲ್ಲಿ ವಿಚಾರಿಸಿರಲಿಲ್ಲ.

ಮೊನ್ನೆ ಶುಕ್ರವಾರ ಸೌಮ್ಯಶ್ರೀಗೆ ನೆಗಡಿ, ಮೈ ಬಿಸಿ. ಇವತ್ತು ಬಿಡು, ಮನೆಗೆ ಹೋಗಿ ಮಲಗು, ಹೇಗಿದ್ದರೂ ರಜೆ ಬರೆದಾಯಿತಲ್ಲ ಎಂದೆ. ಮೂಗು ಒರೆಸಿಕೊಂಡು, "ಪ್ರಾಮಿಸ್ ಮಾಡಿದೀನಿ ಅಜ್ಜಿ" ಎಂದು ರಾಜಾಜಿನಗರದ ಬಸ್ಸು ಹತ್ತಿದಳು.